ಡೂಡಲ್ ಮರಿಗೆ ಕೂದ್ಲು ಬದಲಾಗೋ ಟೈಮು: ಸಿಕ್ಕು, ಗಂಟು, ಕಂಬಳಿ ಆಗ್ದಂಗೆ ನೋಡ್ಕೊಳೋ ಸಮಗ್ರ ಮಾರ್ಗದರ್ಶಿ

ಬೆಲ್ಲ ನಮ್ಮನೆಗೆ ಬಂದಾಗ ಒಂಬತ್ತು ವಾರದ ಮರಿ. ಗ್ರೂಡಲ್, ಅಂದ್ರೆ ಗೋಲ್ಡನ್ ರಿಟ್ರೀವರ್ ಮತ್ತೆ ಪೂಡಲ್ ಕೂಡಿ ಹುಟ್ಟಿದ್ದು, ಅಮೆರಿಕದಲ್ಲಿರೋರು ಇದನ್ನೇ ಗೋಲ್ಡನ್‌ಡೂಡಲ್ ಅಂತಾರೆ, ಇಲ್ಲಿ ಮೆಲ್ಬರ್ನಲ್ಲಿ ಎಲ್ರೂ ಗ್ರೂಡಲ್ ಅಂತಾನೇ ಕರೆಯೋದು. ಹಿಂಗೆ ಪೂಡಲ್ ಜೊತೆ ಬೇರೆ ತಳಿ ಕೂಡಿ ಹುಟ್ಟಿದ ನಾಯಿಗಳಿಗೆ ಒಟ್ಟಾರೆ ಡೂಡಲ್ ಅಂತಾರೆ. ಅಚ್ಚು ಬೆಲ್ಲದ ಬಣ್ಣ, ಅದಕ್ಕೇ ಆ ಹೆಸ್ರು. ಏಳು ತಿಂಗ್ಳ ತನಕ ವಾರಕ್ಕೆ ಎರಡು ಸಲ ಮೇಲ್ಮೇಲೆ ಬ್ರಶ್ ಆಡಿಸಿದ್ರೆ ಸಾಕಾಗ್ತಿತ್ತು. ಎಂಟನೇ ತಿಂಗ್ಳಲ್ಲಿ ಒಂದು ಭಾನುವಾರ ಸಾಯಂಕಾಲ ಅವಳ ಕಿವಿ ಹಿಂದೆ ಕೆರೀತಾ ಕೂತಿದ್ದಾಗ ಬೆರಳಿಗೆ ಏನೋ ಗಟ್ಟಿ ತಾಗ್ತು, ಉಣ್ಣಿ ಇರ್ಬೇಕು ಅಂತ ಗಾಬರಿ ಆಗಿ ಕೂದ್ಲು ಸರಿಸಿ ನೋಡಿದ್ರೆ ಹುಣಸೆ ಬೀಜದಷ್ಟು ದಪ್ಪದ ಗಂಟು, ಚರ್ಮಕ್ಕೇ ಹೊಲಿದಂಗೆ ಕೂತಿದೆ. ಪಕ್ಕದಲ್ಲಿ ಇನ್ನೊಂದು. ಕಂಕುಳಿಗೆ ಕೈ ಹಾಕಿದ್ರೆ ಅಲ್ಲಿ ನನ್ನ ಅಂಗೈ ಅಗಲದ ಬಿಲ್ಲೆ. ಮೇಲಿಂದ ನೋಡಿದ್ರೆ ಮಾತ್ರ ಆಗತಾನೇ ಬಿಡಿಸಿದ ಹತ್ತಿ ಥರ ಉಬ್ಬಿದ, ಯಾರು ನೋಡಿದ್ರೂ ಎಷ್ಟು ಚೆಂದ ಇಟ್ಕೊಂಡಿದೀರಿ ಅನ್ನೋ ಕೂದ್ಲು.

ಆ ವಾರ ಗ್ರೂಮರ್, ಅಂದ್ರೆ ನಾಯಿ ಕೂದ್ಲು ಕತ್ತರಿಸಿ ಬಾಚಿ ಕೊಡೋರ ಹತ್ರ ಹೋದಾಗ ಅವರು ಬೆರಳು ಒಳಗೆ ಇಳಿಸಿ ನೋಡಿ, ಬಿಡಿಸೋಕೆ ಆಗಲ್ಲ, ಪೂರ್ತಿ ಶೇವ್ ಮಾಡ್ಬೇಕು ಅಂದ್ರು. ಕಂಕುಳ ಬಿಲ್ಲೆ ತೆಗೆದಾಗ ಕೆಳಗಿನ ಚರ್ಮ ಕೆಂಪಗೆ ಒದ್ದೆ ಒದ್ದೆಯಾಗಿತ್ತು. ಅಷ್ಟು ದಿನ ಅವಳು ಹೆಜ್ಜೆ ಹೆಜ್ಜೆಗೂ ಅದು ಎಳೀತಿದ್ದದ್ದನ್ನ ಸಹಿಸ್ಕೊಂಡೇ ಓಡಾಡಿದ್ಲು ಅಂತ ಗೊತ್ತಾದಾಗ ತುಂಬಾ ಸಂಕಟ ಆಯ್ತು. ಅಲ್ಲಿಂದ ಮೂರು ತಿಂಗ್ಳು ಏನೇನು ಮಾಡ್ದೆ, ಯಾವುದು ಕೆಲ್ಸ ಮಾಡ್ತು ಅಂತ ಇಲ್ಲಿ ಪೂರ್ತಿ ಬರೀತಿದೀನಿ, ಆರು ಏಳು ತಿಂಗ್ಳ ಮರಿ ಮನೇಲಿ ಇರೋರು ಇವತ್ತಿಂದಾನೇ ಶುರು ಮಾಡ್ಕೊಳಿ.

ಮೊದಲು ಇದು ಯಾಕಾಗತ್ತೆ ಅಂತ

ಮರಿ ಕೂದ್ಲು ಮೃದು, ತೆಳು, ಅಷ್ಟು ಸುರುಳಿ ಇರಲ್ಲ. ಸಾಮಾನ್ಯವಾಗಿ 6ರಿಂದ 12 ತಿಂಗ್ಳ ಮಧ್ಯೆ ಯಾವಾಗಾದ್ರೂ ಅದು ಉದುರೋಕೆ ಶುರು ಆಗಿ ದೊಡ್ಡ ನಾಯಿ ಕೂದ್ಲು ಬುಡದಿಂದ ಬರತ್ತೆ, ಕೆಲವಕ್ಕೆ ಇನ್ನೂ ಲೇಟು. ಲ್ಯಾಬ್ರಡಾರ್ ಆಗಿದ್ರೆ ಉದುರಿದ್ದು ನೆಲಕ್ಕೆ, ಸೋಫಾಗೆ ಬೀಳತ್ತೆ, ಗುಡಿಸಿ ಹಾಕಿದ್ರೆ ಆಯ್ತು. ಡೂಡಲ್‌ದು ಹಂಗಲ್ಲ. ಪೂಡಲ್ ಕಡೆಯಿಂದ ಬಂದ ಗುಂಗುರು, ಉದುರಿದ ಮರಿ ಕೂದ್ಲನ್ನ ಹೊರಗೆ ಬೀಳೋಕೆ ಬಿಡಲ್ಲ, ಹೊಸ ಕೂದ್ಲಿನ ಸುರುಳೀಲಿ ಅದು ಸಿಕ್ಕಾಕೊಂಡು, ಮೈ ಅಲ್ಲಾಡಿದಂಗೆ ಉಜ್ಜಿ ಉಜ್ಜಿ, ಸ್ವಲ್ಪ ನೀರು ಬಿದ್ರಂತೂ ಇನ್ನೂ ಬಿಗಿಯಾಗಿ, ಕುರಿ ಉಣ್ಣೆ ಬಡಿದು ಕಂಬಳಿ ಮಾಡ್ದಂಗೆ ಬುಡದಲ್ಲೇ ಹೆಣ್ಕೊಳತ್ತೆ. ಅಂದ್ರೆ ಗಂಟು ಹುಟ್ಟೋದು ಚರ್ಮದ ಹತ್ರ, ತುದೀಲಿ ಅಲ್ಲ. ಇದೊಂದು ಗೊತ್ತಾದ್ರೆ ಮುಂದೆ ಹೇಳೋದೆಲ್ಲ ಯಾಕೆ ಅಂತ ತಾನಾಗೇ ಅರ್ಥ ಆಗತ್ತೆ.

ಪಕ್ಕದ ಮನೆ ಡೂಡಲ್‌ಗೆ ಇಷ್ಟು ಕಷ್ಟ ಇಲ್ವಲ್ಲ ಅಂತ ನಂಗೂ ಅನ್ಸಿತ್ತು. ಒಂದೇ ಸೂಲಿನ ಮರಿಗಳಲ್ಲೂ ವ್ಯತ್ಯಾಸ ಇರತ್ತೆ. ನಾಯಿ ಕೂದ್ಲಿನ ವೈವಿಧ್ಯದ ಬಹುಪಾಲು ಮೂರೇ ಜೀನ್‌ಗಳ ಆಟ ಅಂತ 2009ರಲ್ಲಿ ವಿಜ್ಞಾನಿಗಳು ತೋರಿಸಿದ್ರು, ಉದ್ದಕ್ಕೆ ಎಫ್‌ಜಿಎಫ್5, ಗುಂಗುರಿಗೆ ಕೆಆರ್‌ಟಿ71, ಮೀಸೆ ಗಡ್ಡ ಹುಬ್ಬಿಗೆ ಆರ್‌ಎಸ್‌ಪಿಒ2. ಯಾವ ಮರಿಗೆ ಯಾವುದರ ಎಷ್ಟು ಪಾಲು ಬಂತು ಅನ್ನೋದರ ಮೇಲೆ ಎಲ್ಲ. ಲ್ಯಾಬ್ರಡಾರ್ ಪೂಡಲ್ ಕೂಡಿದ ಲ್ಯಾಬ್ರಡೂಡಲ್‌ಗೆ ಹೆಸರು ತಂದ ಮರಿಗಳು ಇದೇ ವಿಕ್ಟೋರಿಯಾದಲ್ಲಿ 1989ರಲ್ಲಿ ಹುಟ್ಟಿದ್ದು, ಅಂಧರಿಗೆ ಗೈಡ್ ಡಾಗ್ ತಯಾರು ಮಾಡೋ ಸಂಸ್ಥೇಲಿದ್ದ ವಾಲಿ ಕಾನ್ರನ್ ಅನ್ನೋರು, ಹವಾಯಿಯ ಒಬ್ಬ ಅಂಧ ಮಹಿಳೆಯ ಗಂಡನಿಗೆ ನಾಯಿ ಅಲರ್ಜಿ ಇತ್ತು ಅಂತ ಈ ಪ್ರಯತ್ನ ಮಾಡಿದ್ರು. ಆ ಸೂಲಿನ ಮೂರು ಮರೀಲಿ ಅಲರ್ಜಿ ಆಗ್ದೇ ಇದ್ದದ್ದು ಒಂದೇ ಒಂದು. ಅವತ್ತಿಂದಾನೂ ಕಥೆ ಹಿಂಗೇ. ಹಾಗಾಗಿ ಡೂಡಲ್ ಕೂದ್ಲು ಉದುರಲ್ಲ, ನಿಮಗೇನೂ ಕೆಲ್ಸ ಇಲ್ಲ ಅಂತ ಮರಿ ಮಾರೋರು ಹೇಳಿದ್ರೆ ನಂಬ್ಬೇಡಿ, ಉದುರಿದ್ದು ನೆಲಕ್ಕೆ ಬೀಳಲ್ಲ ಅಷ್ಟೇ, ಅದನ್ನ ನಾವು ಕೈಯಾರೆ ತೆಗೀಬೇಕು.

ಶುರು ಆಗಿದೆ ಅಂತ ಕಂಡುಹಿಡಿಯೋದು

ಬ್ರಶ್‌ಗೆ ಬರೋ ಕೂದ್ಲು ಇದ್ದಕ್ಕಿದ್ದಂಗೆ ಜಾಸ್ತಿ ಆಗತ್ತೆ. ಬೆನ್ನ ಮೇಲೆ ಬೈತಲೆ ತೆಗೆದು ನೋಡಿದ್ರೆ ಬುಡದಲ್ಲಿ ಬೇರೆ ಬಣ್ಣ, ಬೆಲ್ಲಂಗೆ ತುದಿ ಕಡು ಕಂದು, ಬುಡ ತಿಳಿ ಗೋಧಿ ಬಣ್ಣ ಇತ್ತು. ಮುಟ್ಟಿದ್ರೆ ರೇಷ್ಮೆ ಥರ ಇದ್ದದ್ದು ಸ್ವಲ್ಪ ಒರಟು, ದಟ್ಟ ಅನ್ಸತ್ತೆ. ಇವತ್ತು ಪೂರ್ತಿ ಬಾಚಿ ಮಲಗಿಸಿದ್ರೆ ನಾಡಿದ್ದಕ್ಕೆ ಮತ್ತೆ ಸಿಕ್ಕು, ಅದೇ ಪಕ್ಕಾ ಗುರುತು. ಇದು ಕೆಲವು ವಾರದಿಂದ ಮೂರು ನಾಲ್ಕು ತಿಂಗ್ಳ ತನಕ ನಡೆಯತ್ತೆ.

ದಿನಾ ರಾತ್ರಿ ಕೈ ಪರೀಕ್ಷೆ ಅಭ್ಯಾಸ ಮಾಡ್ಕೊಳಿ, ಎರಡೇ ನಿಮಿಷ. ಕಿವಿ ಹಿಂದೆ, ಕಿವಿ ಕೆಳಗಿನ ಅಂಚು, ಕತ್ತಿನ ಪಟ್ಟಿ ಕೂರೋ ಜಾಗ, ಕಂಕುಳು, ಎದೆ, ತೊಡೆ ಸಂದಿ, ಬಾಲದ ಬುಡ, ಗಡ್ಡ, ಬೆರಳ ಸಂದಿ. ಕಣ್ಣಿಗೆ ಏನೂ ಕಾಣಲ್ಲ, ಬೆರಳ ತುದಿ ಚರ್ಮ ಮುಟ್ಟೋ ತನಕ ಇಳಿಸಿ, ಸವರಿ ನೋಡ್ಬೇಕು.

ಸಾಮಾನು

ಜಾಸ್ತಿ ಏನೂ ಬೇಡ. ಒಂದು ಒಳ್ಳೆ ಸ್ಲಿಕರ್ ಬ್ರಶ್, ಅಂದ್ರೆ ತೆಳು ತಂತಿ ಪಿನ್‌ಗಳು ಒತ್ತಾಗಿರೋ ಬ್ರಶ್, ಉದ್ದ ಪಿನ್ ಇರೋದು, ಯಾಕಂದ್ರೆ ಗಿಡ್ಡ ಪಿನ್ನಿನದ್ದು ದಟ್ಟ ಕೂದ್ಲಲ್ಲಿ ಅರ್ಧಕ್ಕೇ ನಿಂತ್ಬಿಡತ್ತೆ. ಒಂದು ಸ್ಟೀಲ್ ಬಾಚಣಿಗೆ, ಅರ್ಧ ಭಾಗ ಹಲ್ಲು ದೂರ ದೂರ, ಅರ್ಧ ಭಾಗ ಹತ್ರ ಹತ್ರ, ಗ್ರೇಹೌಂಡ್ ಕೂಂಬ್ ಅಂತ ಕೇಳಿದ್ರೆ ಕೊಡ್ತಾರೆ. ಸಿಕ್ಕು ಬಿಡಿಸೋಕೆ ಒಂದು ನಾಯಿಗಳ ಡಿಟ್ಯಾಂಗ್ಲಿಂಗ್ ಸ್ಪ್ರೇ. ದುಡ್ಡು ಇದ್ರೆ ಜೋರಾಗಿ ಗಾಳಿ ಊದೋ ಹೈ ವೆಲಾಸಿಟಿ ಡ್ರೈಯರ್ ತಗೊಳಿ, ಅದರ ವಿಷ್ಯ ಮುಂದೆ ಹೇಳ್ತೀನಿ. ಬ್ಲೇಡ್ ಇರೋ ರೇಕ್, ಡಿಶೆಡ್ಡಿಂಗ್ ಟೂಲ್ ಅಂತ ಮಾರ್ತಾರಲ್ಲ, ಅವು ಡೂಡಲ್‌ಗೆ ಬೇಡ, ಚೆನ್ನಾಗಿರೋ ಕೂದ್ಲನ್ನೂ ಮಧ್ಯಕ್ಕೆ ಕತ್ತರಿಸಿ ಹಾಕತ್ತೆ, ಆ ತುಂಡು ತುದಿಗಳೇ ಆಮೇಲೆ ಇನ್ನಷ್ಟು ಸಿಕ್ಕಾಗತ್ತೆ.

ಅಮ್ಮ ಊರಿಂದ ಫೋನಲ್ಲಿ ಕೊಬ್ರಿ ಎಣ್ಣೆ ಹಚ್ಚೋಕೆ ಹೇಳಿದ್ರು, ನಮ್ಮ ಕಡೆ ಯಾರಿಗಾದ್ರೂ ಮೊದ್ಲು ಹೊಳೆಯೋದೇ ಅದು. ನಾನು ಒಂದ್ಸಲ ಹಚ್ಚಿ ನೋಡ್ದೆ, ಜಿಡ್ಡಿಗೆ ಧೂಳೆಲ್ಲ ಹಿಡ್ಕೊಂಡು ಅವಳು ಬೇರೆ ಅದನ್ನೇ ನೆಕ್ತಾ ನೆಕ್ತಾ ಕೂದ್ಲು ಇನ್ನೂ ಒತ್ತಾಯ್ತು. ಎಣ್ಣೆ ಬೇಡ.

ಮರೀನ ಒಪ್ಪಿಸೋದು

ಈ ವಯಸ್ಸಲ್ಲಿ ಅವು ನಮ್ಮ ಹದಿಹರೆಯದ ಮಕ್ಕಳಂಗೆ, ನಿನ್ನೆ ಸುಮ್ನೆ ಕೂತಿದ್ದು ಇವತ್ತು ಬ್ರಶ್ ನೋಡಿದ್ರೆ ಓಡತ್ತೆ. ಬಲವಂತ ಮಾಡಿ ಹಿಡ್ಕೊಂಡು ಬಾಚಿದ್ರೆ ಆ ನೆನಪು ಮುಂದಿನ ಹತ್ತು ಹನ್ನೆರಡು ವರ್ಷ ಇರತ್ತೆ, ಇದನ್ನ ದಯವಿಟ್ಟು ಮನಸ್ಸಲ್ಲಿ ಇಟ್ಕೊಳಿ. ನಾನು ಟೇಬಲ್ ಮೇಲೆ ಜಾರದ ಮ್ಯಾಟ್ ಹಾಕಿ, ಮಡಿಸಿದ ಟವೆಲ್ ಮೇಲೆ ಗದ್ದ ಇಡೋದು ಕಲಿಸ್ದೆ. ಗದ್ದ ಟವೆಲ್ ಮೇಲಿದ್ರೆ ಬ್ರಶ್ ನಡೀತಿರತ್ತೆ, ತೆಗೆದ್ರೆ ನಾನೂ ನಿಲ್ಲಿಸ್ತೀನಿ. ಮೊದಲ ವಾರ ಮೂರು ಸಲ ಬ್ರಶ್ ಎಳೆದು ಒಂದು ತಿಂಡಿ, ಅಷ್ಟೇ. ಲಿಕ್ ಮ್ಯಾಟ್, ಅಂದ್ರೆ ನಾಯಿ ನೆಕ್ಕೋಕೆ ಅಂತ ಮಾಡಿರೋ ಮ್ಯಾಟ್ ಮೇಲೆ ಗಟ್ಟಿ ಮೊಸರು ಸವರಿ ಇಟ್ರೆ ಹತ್ತು ನಿಮಿಷ ಆರಾಮಾಗಿ ಸಿಗತ್ತೆ. ಪೀನಟ್ ಬಟರ್ ಹಾಕೋರು ಡಬ್ಬಿ ಮೇಲೆ ಓದಿ, ಕ್ಸೈಲಿಟಾಲ್ ಅನ್ನೋ ಸಕ್ಕರೆ ಬದಲಿ ಸಿಹಿ ಇದ್ರೆ ಅದು ನಾಯಿಗೆ ವಿಷ.

ಬೈತಲೆ ತೆಗೆದು ಬಾಚೋದು

ಗ್ರೂಮರ್‌ಗಳು ಇದಕ್ಕೆ ಲೈನ್ ಬ್ರಶಿಂಗ್ ಅಂತಾರೆ, ಇಡೀ ಮಾರ್ಗದರ್ಶೀಲಿ ಮುಖ್ಯವಾದ ಕೆಲ್ಸ ಇದೇ. ನಮ್ಮ ಅಜ್ಜಿ ಉದ್ದ ಜಡೆ ಬಿಡಿಸಿ ಬೈತಲೆ ತೆಗೆದು ಭಾಗ ಭಾಗವಾಗಿ ಬಾಚ್ತಿದ್ರಲ್ಲ, ಥೇಟ್ ಅದೇ ಲೆಕ್ಕ.

ಮರೀನ ಮಗ್ಗುಲಿಗೆ ಮಲಗಿಸಿ ಅಥವಾ ನಿಲ್ಲಿಸಿ, ಕಾಲಿನ ಕೆಳಗಡೆಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಎಡಗೈ ಅಂಗೈಲಿ ಕೂದ್ಲನ್ನ ಮೇಲಕ್ಕೆ ಎತ್ತಿ ಒತ್ತಿ ಹಿಡ್ಕೊಳಿ, ಕೆಳಗಡೆ ಒಂದು ಗೆರೆ ಚರ್ಮ ಬೆಳ್ಳಗೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ನೀವು ಇನ್ನೂ ಬುಡಕ್ಕೆ ಹೋಗಿಲ್ಲ. ಆ ಗೆರೆಯಿಂದ ಸ್ವಲ್ಪವೇ ಕೂದ್ಲು, ಒಂದು ಬೆರಳಗಲ ಸಾಕು, ಕೆಳಗೆ ಬಿಟ್ಟು ಸ್ಪ್ರೇ ಹೊಡೆದು ಸ್ಲಿಕರ್‌ನಿಂದ ಗಿಡ್ಡ ಗಿಡ್ಡ ಏಟಲ್ಲಿ ಬುಡದಿಂದ ಹೊರಗೆ ಎಳೀರಿ. ಒತ್ತಬೇಡಿ, ಬ್ರಶ್‌ನ ಭಾರ ಸಾಕು. ನಾಯಿ ಚರ್ಮ ನಮ್ಮದಕ್ಕಿಂತ ತೆಳು, ಒಂದೇ ಜಾಗದಲ್ಲಿ ಹತ್ತು ಹದಿನೈದು ಸಲ ಗೀಚಿದ್ರೆ ಕೆಂಪಗೆ ತರಚಿ ಉರಿ ಬರತ್ತೆ. ನೀವು ಎಷ್ಟು ಒತ್ತುತಿದೀರಿ ಅಂತ ಗೊತ್ತಾಗ್ಬೇಕಾದ್ರೆ ಅದೇ ಬ್ರಶ್ ನಿಮ್ಮ ಮುಂಗೈ ಮೇಲೆ ಅದೇ ಜೋರಲ್ಲಿ ಎಳ್ಕೊಂಡು ನೋಡಿ. ಆ ಸಾಲು ಆಯ್ತಾ, ಅದರ ಮೇಲಿನ ಇನ್ನೊಂದು ಬೆರಳಗಲ ಬಿಡಿ, ಮತ್ತೆ ಬಾಚಿ, ಹಿಂಗೇ ಬೆನ್ನಿನ ತನಕ.

ಒಂದೇ ದಿನ ಇಡೀ ಮೈ ಮುಗಿಸೋಕೆ ಹೋಗ್ಬೇಡಿ, ನಿಮ್ಗೂ ಸುಸ್ತು ಅದಕ್ಕೂ ಬೇಸರ. ನಾನು ಸೋಮವಾರ ಹಿಂಗಾಲು ಬಾಲ, ಮಂಗಳವಾರ ಹೊಟ್ಟೆ ಪಕ್ಕೆ, ಬುಧವಾರ ಮುಂಗಾಲು ಎದೆ, ಗುರುವಾರ ತಲೆ ಕತ್ತು ಅಂತ ಹಂಚ್ಕೊಂಡೆ, ಅದು ಮುಗಿದ್ಮೇಲೆ ಮತ್ತೆ ಮೊದಲಿಂದ. ಕಿವಿ, ಕಂಕುಳು, ಕತ್ತಿನ ಪಟ್ಟಿ ಜಾಗ ಮಾತ್ರ ದಿನಾ, ತಪ್ಪಿಸೋ ಹಾಗೇ ಇಲ್ಲ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಆಗತ್ತೆ.

ಪ್ರತಿ ಭಾಗ ಮುಗಿದ್ಮೇಲೆ ಸ್ಟೀಲ್ ಬಾಚಣಿಗೆ. ಇದು ಬಾಚೋಕಲ್ಲ, ಪರೀಕ್ಷೆಗೆ. ಹಲ್ಲು ಚರ್ಮಕ್ಕೆ ತಾಗಿಸಿ ಬುಡದಿಂದ ತುದಿ ತನಕ ಎಳೆದ್ರೆ ಎಲ್ಲೂ ತಡೀದೆ ಬರ್ಬೇಕು, ಮೊದ್ಲು ಅಗಲ ಹಲ್ಲಿನ ಕಡೆ, ಆಮೇಲೆ ಹತ್ತಿರದ್ದು. ತಡೀತಾ, ಅಲ್ಲಿ ಸಿಕ್ಕಿದೆ, ಮತ್ತೆ ಸ್ಲಿಕರ್. ಬೆಲ್ಲನ ಕಥೇಲಿ ಏಳು ತಿಂಗ್ಳು ನಾನು ಬಿಟ್ಟಿದ್ದು ಇದೊಂದನ್ನೇ. ಬ್ರಶ್ ಮೇಲ್ಗಡೆ ನಯವಾಗಿ ಜಾರತ್ತೆ, ಒಳಗೆ ಕಂಬಳಿ ಆಗಿರತ್ತೆ, ಬಾಚಣಿಗೆ ಮಾತ್ರ ಸುಳ್ಳು ಹೇಳಲ್ಲ.

ಗಂಟು ಸಿಕ್ಕಿದ್ರೆ

ನಾನು ಮೂರು ಲೆಕ್ಕ ಇಟ್ಕೊಂಡಿದೀನಿ. ಬಾಚಣಿಗೆ ತಡೆದ್ರೂ ಬೆರಳಲ್ಲಿ ಬಿಡಿಸೋಕೆ ಬಂದ್ರೆ ಸಿಕ್ಕು. ಬಟಾಣಿಯಿಂದ ಗೋಲಿ ಗಾತ್ರ, ಗಟ್ಟಿ, ಆದ್ರೆ ಸುತ್ತ ಕೂದ್ಲು ಬಿಡಿ ಬಿಡಿ ಇದ್ರೆ ಗಂಟು. ಅಂಗೈ ಅಗಲ ಒಂದೇ ಹಾಸಾಗಿ, ಚರ್ಮದ ಮೇಲೆ ಬಾಚಣಿಗೆಯ ಒಂದು ಹಲ್ಲೂ ಇಳೀದೇ ಇದ್ರೆ ಕಂಬಳಿ.

ಸಿಕ್ಕಿಗೆ ಸ್ಪ್ರೇ, ಬೆರಳು, ಬ್ರಶ್ ಸಾಕು. ಗಂಟಿಗೆ ಮೊದ್ಲು ಚಿಟಿಕೆ ಕಾರ್ನ್‌ಫ್ಲೋರ್ ಹಾಕಿ ಉಜ್ಜಿ, ಒಣ ಪುಡಿ ಕೂದ್ಲು ಒಂದಕ್ಕೊಂದು ಜಾರೋ ಹಂಗೆ ಮಾಡತ್ತೆ. ಎಡಗೈ ಎರಡು ಬೆರಳಲ್ಲಿ ಗಂಟಿಗೂ ಚರ್ಮಕ್ಕೂ ಮಧ್ಯೆ ಕೂದ್ಲನ್ನ ಬಿಗಿಯಾಗಿ ಹಿಡ್ಕೊಳಿ, ಆಗ ಎಳೆತ ಚರ್ಮಕ್ಕೆ ಹೋಗಲ್ಲ. ಸಣ್ಣವರಿದ್ದಾಗ ಅಮ್ಮ ನಮ್ಮ ಕೂದ್ಲನ್ನ ಮುಷ್ಟೀಲಿ ಹಿಡ್ಕೊಂಡು ತುದಿ ಕಡೆಯಿಂದ ಬಿಡಿಸ್ತಾ ಬರ್ತಿದ್ರಲ್ಲ, ನೋವಾಗ್ದೇ ಇರ್ಲಿ ಅಂತ, ಅದೇ ಹಿಡಿತ. ಗಂಟನ್ನ ಬೆರಳಲ್ಲಿ ಅಡ್ಡಡ್ಡ ಹಿಗ್ಗಿಸಿ ಎರಡು ಮೂರು ಭಾಗ ಮಾಡಿ, ಆಮೇಲೆ ಬಾಚಣಿಗೆಯ ಕೊನೇ ಎರಡು ಹಲ್ಲಿನಿಂದ ತುದಿಯಿಂದ ಸ್ವಲ್ಪ ಸ್ವಲ್ಪವೇ ಕಿತ್ತು ಬನ್ನಿ. ಹತ್ತು ನಿಮಿಷದಲ್ಲಿ ಬರ್ಲಿಲ್ಲ, ಅಥವಾ ಮರಿ ತಿರುಗಿ ನಿಮ್ಮ ಕೈ ನೋಡೋಕೆ, ತುಟಿ ನೆಕ್ಕೋಕೆ, ಆಕಳಿಸೋಕೆ ಶುರು ಮಾಡ್ತು ಅಂದ್ರೆ ಬಿಡಿ, ಅದು ಸಾಕು ಅಂತ ಹೇಳ್ತಿದೆ. ಆ ಗಂಟು ಕ್ಲಿಪ್ಪರ್‌ಗೆ, ಅಂದ್ರೆ ಕೂದ್ಲು ಬೋಳಿಸೋ ಮಷೀನ್‌ಗೆ.

ಕತ್ತರಿ ಮಾತ್ರ ಯಾವ ಕಾರಣಕ್ಕೂ ಬೇಡ. ಗಂಟು ಎತ್ತಿದಾಗ ಅದರ ಜೊತೆ ಚರ್ಮವೂ ಡೇರೆ ಥರ ಮೇಲಕ್ಕೆ ಬಂದಿರತ್ತೆ, ಕೂದ್ಲು ಯಾವುದು ಚರ್ಮ ಯಾವುದು ಕಾಣಲ್ಲ, ಒಂದು ಕಚಕ್ಕೆ ಹೊಲಿಗೆ ಹಾಕಿಸೋ ಗಾಯ. ಕ್ಲಿಪ್ಪರ್‌ನಲ್ಲಿ 10 ನಂಬರ್ ಬ್ಲೇಡ್ ಸೇಫ್, ಅದು ಸುಮಾರು ಒಂದೂವರೆ ಮಿಲಿಮೀಟರ್ ಬಿಡತ್ತೆ, ಹಲ್ಲು ಹತ್ರ ಇರೋದ್ರಿಂದ ಚರ್ಮ ಸಿಕ್ಕಾಕೊಳೋದು ಕಮ್ಮಿ. ಉದ್ದ ಇರ್ಲಿ ಅಂತ ಕೂದ್ಲು ಜಾಸ್ತಿ ಬಿಡೋ 7ಎಫ್, 5ಎಫ್ ಬ್ಲೇಡ್ ಹಾಕಿ ಗಂಟಿನ ಕೆಳಗೆ ನುಗ್ಗಿಸೋಕೆ ಹೋದ್ರೆ ಅಗಲ ಹಲ್ಲಿನ ಸಂದೀಲಿ ಚರ್ಮ ಹೋಗ್ಬಿಡಬಹುದು, ಕಂಕುಳು ತೊಡೆ ಸಂದೀಲಂತೂ ಪಕ್ಕಾ. ಚರ್ಮ ಬಿಗಿ ಹಿಡಿದು ಬ್ಲೇಡ್ ಚಪ್ಪಟೆ ಇಟ್ಟು ನಿಧಾನಕ್ಕೆ, ಎರಡು ಮೂರು ನಿಮಿಷಕ್ಕೊಮ್ಮೆ ಬ್ಲೇಡ್ ನಿಮ್ಮ ಮಣಿಕಟ್ಟಿಗೆ ತಾಗಿಸಿ ಬಿಸಿ ಆಗಿದ್ಯಾ ನೋಡಿ.

ಕಂಬಳಿ ಆಗಿದ್ರೆ ಮನೇಲಿ ಕೈ ಹಾಕ್ಬೇಡಿ, ಗ್ರೂಮರ್ ಹತ್ರ ಹೋಗಿ, ಶೇವ್ ಅಂದ್ರೆ ಒಪ್ಕೊಳಿ. ಬಿಡಿಸಿ ಕೊಡಿ ಅಂತ ಹಠ ಹಿಡಿಯೋದು ನಮ್ಮ ಕಣ್ಣಿನ ಚೆಂದಕ್ಕೆ, ನೋವು ತಿನ್ನೋದು ಅದು. ಕೂದ್ಲು ಮತ್ತೆ ಬರತ್ತೆ. ಕಿವಿ ಕಂಬಳಿ ತೆಗೆಸಿದ್ಮೇಲೆ ಒಂದೆರಡು ದಿನ ಹುಷಾರು, ಭಾರ ಇಳಿದಿದ್ದಕ್ಕೆ ಅವು ತಲೆ ಜೋರಾಗಿ ಒದರ್ತಾನೇ ಇರ್ತವೆ, ಕಿವಿ ಹಾಳೇಲಿ ರಕ್ತ ತುಂಬಿ ಊದ್ಕೊಳೋ ಅಪಾಯ ಇದೆ. ಊದಿದ್ದು ಕಂಡ್ರೆ, ಅಥವಾ ಚರ್ಮ ಒದ್ದೆಯಾಗಿ ವಾಸನೆ ಬಂದ್ರೆ ಸೀದಾ ವೆಟ್ ಹತ್ರ. ಶೇವ್ ಆದ್ಮೇಲೆ ಇಲ್ಲಿನ ಬಿಸಿಲಲ್ಲಿ ಚರ್ಮ ಸುಡತ್ತೆ, ಮಧ್ಯಾಹ್ನದ ವಾಕ್ ಬೇಡ.

ಸ್ನಾನ

ಗಂಟು ಇದ್ದಾಗ ಮನೇಲಿ ಸ್ನಾನ ಮಾಡಿಸ್ಬೇಡಿ, ನೀರು ಬಿದ್ದು ಒಣಗಿದ್ರೆ ಇನ್ನೂ ಬಿಗಿಯಾಗತ್ತೆ. ಮೊದ್ಲು ಬಾಚಣಿಗೆ ಪರೀಕ್ಷೆ ಪಾಸಾಗ್ಲಿ. ನಾಯಿ ಶಾಂಪೂ, ಆಮೇಲೆ ಕಂಡಿಷನರ್, ಚೆನ್ನಾಗಿ ತೊಳೀರಿ. ಶಾಂಪೂ ಹಾಕುವಾಗ ವೃತ್ತಾಕಾರವಾಗಿ ಉಜ್ಜಬೇಡಿ, ಬೆಳೆದಿರೋ ದಿಕ್ಕಲ್ಲೇ ಕೈ ಎಳೀರಿ. ಟವೆಲ್‌ನಲ್ಲೂ ಅಷ್ಟೇ, ರೇಷ್ಮೆ ಸೀರೆ ನೀರು ಒತ್ತಿ ತೆಗೆದಂಗೆ ಒತ್ತಿ, ಉಜ್ಜಬೇಡಿ.

ಒಣಗಿಸೋದನ್ನ ಗಾಳಿಗೆ ಬಿಡಬೇಡಿ, ಗುಂಗುರು ತಾನಾಗೇ ಒಣಗಿದ್ರೆ ಸುತ್ಕೊಂಡೇ ಒಣಗತ್ತೆ. ಡ್ರೈಯರ್ ಗಾಳಿ ಬಿಡ್ತಾ ಬ್ರಶ್ ಎಳೆದ್ರೆ ಕೂದ್ಲು ನೆಟ್ಟಗಾಗತ್ತೆ, ಒಳಗಿರೋ ಉದುರಿದ ಮರಿ ಕೂದ್ಲು ಹಾರಿ ಹೊರಗೆ ಬರತ್ತೆ. ಹೈ ವೆಲಾಸಿಟಿ ಡ್ರೈಯರ್‌ನಿಂದ ಮೊದಲ ಸಲ ನಮ್ಮ ಗ್ಯಾರೇಜ್ ತುಂಬ ಮಂಜಿನ ಥರ ಹಾರಿತ್ತು, ಆ ವಾರ ಗಂಟು ಅರ್ಧಕ್ಕರ್ಧ ಕಮ್ಮಿ. ಸದ್ದಿಗೆ ಹೆದರ್ತವೆ, ದೂರದಲ್ಲಿ ಆನ್ ಮಾಡಿ ತಿಂಡಿ ಕೊಡ್ತಾ ನಾಲ್ಕೈದು ದಿನ ಅಭ್ಯಾಸ ಮಾಡಿಸಿ, ಮುಖಕ್ಕೆ ಕಿವಿಗೆ ಬಿಡಬೇಡಿ. ನಮ್ಮ ಹೇರ್ ಡ್ರೈಯರ್ ಬಳಸೋದಾದ್ರೆ ತಣ್ಣನೆ ಗಾಳಿ ಮಾತ್ರ.

ಉಜ್ಜೋದನ್ನ ಕಮ್ಮಿ ಮಾಡಿ

ಹಾರ್ನೆಸ್ ವಾಕ್ ಮುಗಿದ ತಕ್ಷಣ ಬಿಚ್ಚಿ, ಕತ್ತಿನ ಪಟ್ಟಿ ಚಪ್ಪಟೆದ್ದಕ್ಕಿಂತ ದುಂಡಗಿನದ್ದು ವಾಸಿ. ಚಳಿಗಾಲದ ಜಾಕೆಟ್ ಮನೆ ಒಳಗೆ ಹಾಕಿಡ್ಬೇಡಿ. ಬೇರೆ ನಾಯಿ ಜೊತೆ ಕುಸ್ತಿ ಆಡಿ ಬಂದ ದಿನ ಕತ್ತು ಎಂಜಲಲ್ಲಿ ಒದ್ದೆ ಆಗಿರತ್ತೆ, ಒರೆಸಿ ಬಾಚಿ ಮಲಗಿಸಿ, ಬೆಳಗ್ಗೆ ಮಾಡಿದ್ರಾಯ್ತು ಅಂದ್ರೆ ಬೆಳಗ್ಗೆ ಅಲ್ಲೊಂದು ಗಂಟು. ಬೀಚಿನ ಮರಳು, ಉಪ್ಪು ನೀರು ಅವತ್ತೇ ತೊಳೀರಿ. ಇಲ್ಲಿ ವಸಂತ ಮುಗಿಯೋ ಹೊತ್ತಿಗೆ ಹುಲ್ಲಿನ ಬೀಜ ಶುರು, ಬಾಣದಂಥ ತುದಿ ಬೆರಳ ಸಂದೀಲಿ ಚರ್ಮ ತೂರಿ ಒಳಗೇ ಹೋಗ್ಬಿಡತ್ತೆ, ಹಾಗಾಗಿ ಆ ತಿಂಗ್ಳುಗಳಲ್ಲಿ ಪಾದದ ಕೂದ್ಲು ಗಿಡ್ಡ ಇಡಿಸಿ.

ಬೆಂಗಳೂರಲ್ಲಿ ಡೂಡಲ್, ಇಲ್ಲಾ ಕವಾಪೂ, ಮಾಲ್ಟಿಪೂ ಥರದ ಪುಟ್ಟ ಪೂಡಲ್ ಮಿಶ್ರತಳಿ ಸಾಕಿರೋರು ಮಳೆಗಾಲದಲ್ಲಿ ಇನ್ನೂ ಗಿಡ್ಡ ಇಡಿಸಿ ಅಂತ ನನ್ನ ಸಲಹೆ. ಪಾದ ಹೊಟ್ಟೆ ದಿನಾ ಒದ್ದೆ, ಮತ್ತೆ ಉಣ್ಣಿ. ಗಂಟಿನ ಕೆಳಗೆ ಉಣ್ಣಿ ಕೂತ್ರೆ ಯಾರಿಗೂ ಕಾಣಲ್ಲ, ಅವು ಹರಡೋ ಜ್ವರ ನಾಯಿಗಳ ಜೀವಕ್ಕೇ ಕುತ್ತು. ಕೈ ಪರೀಕ್ಷೆ ಮಾಡುವಾಗ ಎರಡೂ ಹುಡುಕಿ.

ಗ್ರೂಮರ್ ಹತ್ರ ಏನು ಹೇಳ್ಬೇಕು

ಈ ಮೂರು ನಾಲ್ಕು ತಿಂಗ್ಳು ಉದ್ದ ಕೂದ್ಲಿನ ಆಸೆ ಬಿಡಿ. ಮೈ 13 ಮಿಲಿಮೀಟರ್ ಆಸುಪಾಸು ಇಡಿಸಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋದ್ರೆ ಮನೆ ಕೆಲ್ಸ ಅರ್ಧಕ್ಕೆ ಇಳಿಯತ್ತೆ. ಟೆಡ್ಡಿ ಬೇರ್ ಕಟ್ ಅಂತ ಹೇಳ್ಬೇಡಿ, ಅದಕ್ಕೆ ಒಬ್ಬೊಬ್ಬರ ಅರ್ಥ ಒಂದೊಂದು, ಮಿಲಿಮೀಟರ್‌ನಲ್ಲಿ ಹೇಳಿ. ಕಂಕುಳು, ತೊಡೆ ಸಂದಿ, ಕಿವಿ ಒಳಮೈ ಪೂರ್ತಿ ಗಿಡ್ಡ ಮಾಡಿ ಅಂತಾನೂ ಕೇಳಿ, ಹೊರಗಿಂದ ಯಾರಿಗೂ ಕಾಣಲ್ಲ, ಗಂಟು ಮಾತ್ರ ಅಲ್ಲಿ ಕಟ್ಟೋದೇ ಇಲ್ಲ. ಹೋಗೋ ಮುಂಚೆ ಎಲ್ಲೆಲ್ಲಿ ಗಂಟಿದೆ ಅಂತ ಫೋನಲ್ಲೇ ಮುಚ್ಚಿಡ್ದೇ ಹೇಳಿದ್ರೆ ಅವರು ಅದಕ್ಕೆ ಟೈಮ್ ಇಟ್ಕೊಳ್ತಾರೆ, ಮರಿಗೆ ಅವಸರ ಆಗಲ್ಲ.

ಬೆಲ್ಲಂಗೆ ಹನ್ನೊಂದನೇ ತಿಂಗ್ಳು ಮುಗಿಯೋ ಹೊತ್ತಿಗೆ ಬ್ರಶ್‌ಗೆ ಬರೋ ಕೂದ್ಲು ಒಂದು ಹಿಡಿಯಿಂದ ಒಂದು ಚಿಟಿಕೆಗೆ ಇಳೀತು, ಬೈತಲೆ ತೆಗೆದ್ರೆ ಬುಡದಿಂದ ತುದಿ ತನಕ ಒಂದೇ ಬಣ್ಣ. ಆಮೇಲೆ ಎರಡು ವಾರ ಎರಡೆರಡು ದಿನ ಬಿಟ್ಟು ಬಾಚಿ ನೋಡ್ದೆ, ಕಿವಿ ಹಿಂದೆ ಸಣ್ಣ ಹಲ್ಲಿನ ಕಡೆಯೂ ತಡೀಲಿಲ್ಲ. ಆಗ ಗ್ರೂಮರ್‌ಗೆ ಹೇಳಿ 13ರಿಂದ 19 ಮಿಲಿಮೀಟರ್‌ಗೆ ಬಿಟ್ವಿ, ಅದೂ ಒಂದು ತಿಂಗ್ಳು ಗಂಟಿಲ್ದೇ ನಿಂತ್ಮೇಲೆ 25ಕ್ಕೆ. ಈಗ ವಾರಕ್ಕೆ ಮೂರು ಸಲ ಬೈತಲೆ ತೆಗೆದು ಬಾಚ್ತೀನಿ, ರಾತ್ರಿ ಕೈ ಪರೀಕ್ಷೆ ಮಾತ್ರ ಇವತ್ತಿಗೂ ಬಿಟ್ಟಿಲ್ಲ, ಅವಳೇ ಒಂಬತ್ತು ಗಂಟೆಗೆ ಬಂದು ಟವೆಲ್ ಮೇಲೆ ಗದ್ದ ಇಡ್ತಾಳೆ.